ಜಗಲಿ ಮೇಲೆ ಕೋವಿ ಅಂಗಡಿ ಬೇಡ, ಆದರೆ ಅರ್ಜಿಗೆ ಉತ್ತರ ಬೇಕು

ಬೈರಮಂಗಲ: ಈ ಊರಿನ ಹೆಸರೆತ್ತಿದರೆ ಸಾಕು, ಪರಊರಿನವರು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ವೃಷಭಾವತಿಗೆ ಅಡ್ಡಲಾಗಿ 1940ರ ದಶಕದಲ್ಲಿ ಕಟ್ಟಿದ ಜಲಾಶಯಕ್ಕೆ ಬೆಂಗಳೂರು ತನ್ನ ಬಚ್ಚಲು ನೀರನ್ನೆಲ್ಲಾ ಕಳಿಸಿಕೊಟ್ಟು ಕೈ ತೊಳೆದುಕೊಂಡ ಕಥೆ ಎಲ್ಲರಿಗೂ ಗೊತ್ತು. ನೊರೆ, ನಾತ, ಸೊಳ್ಳೆ ಇವುಗಳ ಬಗ್ಗೆ ಬರೆದದ್ದು ಸಾಕಷ್ಟಾಗಿದೆ. ಇವತ್ತಿನ ಮಾತು ನೀರಿನದ್ದಲ್ಲ, ಮದ್ದಿನದು. ಕೋವಿಯ ಮದ್ದು!

ಕೆರೆ ಹಿಂದಿನ ಪೊದೆಗಳಲ್ಲಿ ಹಗಲೆಲ್ಲಾ ಮಲಗಿದ್ದು ರಾತ್ರಿ ಎದ್ದು ಬರುವ ಹಂದಿಗಳಿಗೆ ನಾತದ ಚಿಂತೆ ಇಲ್ಲ. ಜೋಳ, ರಾಗಿ, ಗೆಣಸು, ಕಡಲೆಕಾಯಿ ಯಾವುದಾದರೂ ಸರಿ. ಒಂದು ಮಂದೆ ನುಗ್ಗಿತೆಂದರೆ ಬೆಳಗ್ಗೆ ಹೊಲಕ್ಕೆ ಹೋದ ರೈತನಿಗೆ ಉಳುಮೆ ಮಾಡಿದ ನೆಲವೇ ಕಾಣುವುದು. ಬನ್ನೇರುಘಟ್ಟ, ಕನಕಪುರದ ಕಾಡಿನ ಕಡೆಯಿಂದ ದಾರಿ ತಪ್ಪಿ ಬಂದ ಆನೆಗಳು ಬಿಡದಿ ಸುತ್ತ ಕಾಣಿಸಿಕೊಂಡದ್ದೂ ಉಂಟು. ರಾಮನಗರ, ಮಾಗಡಿ ಗುಡ್ಡಗಳ ಚಿರತೆಯಂತೂ ನೆಂಟರ ಹಾಗೆ ಬಂದು ಹೋಗುತ್ತದೆ.

ಆದ್ದರಿಂದಲೇ ಈ ಭಾಗದ ಕೆಲವು ಹಳೇ ಮನೆಗಳಲ್ಲಿ ಇಂದಿಗೂ ಒಂದೊಂದು ಕೇಪಿನ ಕೋವಿ ಇದೆ. ಅಜ್ಜನ ಕಾಲದ್ದು. ನಳಿಗೆಯ ಬಾಯಿಂದ ಮದ್ದು ತುಂಬಿ, ಗಜದಿಂದ ಜಡಿದು, ಚರೆ ಹಾಕಿ, ಕೇಪು ಇಟ್ಟು ಹೊಡೆಯುವಂಥದ್ದು. ಹೊಡೆದರೆ ಹಂದಿಗೆ ತಾಕುವುದಕ್ಕಿಂತ ಸದ್ದಿಗೆ ಓಡುವುದೇ ಹೆಚ್ಚು. ಬೆಳೆ ರಕ್ಷಣೆಗೆ ಅಂತ ಸರ್ಕಾರವೇ ಲೈಸೆನ್ಸು ಕೊಟ್ಟ ಕೋವಿ ಇದು.

ಈಗ ಪ್ರಶ್ನೆ. ಈ ಕೋವಿಯ ಕುದುರೆ ಮುರಿದರೆ ಎಲ್ಲಿಗೆ ಒಯ್ಯಬೇಕು? ಕೇಪು, ಮದ್ದು ಮುಗಿದರೆ ಎಲ್ಲಿ ಕೊಳ್ಳಬೇಕು? ಚುನಾವಣೆ ಬಂದು 'ಕೋವಿ ಠೇವಣಿ ಇಡಿ' ಅಂತ ನೋಟೀಸು ಬಂದರೆ ಯಾರ ಹತ್ತಿರ ಇಡಬೇಕು? ಅರಳಿಕಟ್ಟೆಯಲ್ಲಿ ಈ ಮಾತು ಎದ್ದಾಗೆಲ್ಲಾ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: 'ನಮ್ಮೂರಲ್ಲೇ ಯಾರಾದ್ರೂ ಮನೇಲಿ ಒಂದು ಅಂಗ್ಡಿ ಇಟ್ಕೊಂಬುಟ್ರೆ ಏನಣ್ಣ ತಪ್ಪು? ಲೈಸನ್ ತಕ್ಕೊಂಡೇ ಮಾಡ್ಲಿ!'

ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಈ ಸೀಮೆಯಲ್ಲಿ ಮನೆ ಬೇರೆ ಕಸುಬು ಬೇರೆ ಅಂತ ಯಾವತ್ತು ಇತ್ತು? ರೇಷ್ಮೆ ಹುಳು ಸಾಕುವುದು ನಡುಮನೆಯಲ್ಲಿ. ನೂಲು ಬಿಚ್ಚುವ ಚರಕ ಹಿತ್ತಲಲ್ಲಿ. ಚನ್ನಪಟ್ಟಣದ ಗೊಂಬೆ ಕಡೆಯುವ ಪಟ್ಟಡಿ ಜಗಲಿಯ ಮಗ್ಗುಲಲ್ಲಿ. ಹಿಟ್ಟಿನ ಗಿರಣಿ, ದರ್ಜಿ ಮಿಷನ್ನು, ಬೀಡಿ ಅಂಗಡಿ ಎಲ್ಲವೂ ಮುಂದಿನ ಕೋಣೆಯಲ್ಲೇ. ಹಾಗಾದರೆ ಬಂದೂಕದ ಅಂಗಡಿಗೆ ಮಾತ್ರ ಯಾಕೆ ಅಡ್ಡಿ?

ಅಡ್ಡಿ ಇದೆ. ಇರಬೇಕು ಕೂಡ. ಆದರೆ ಇರುವ ಅಡ್ಡಿ ಒಂದು, ಜನರನ್ನು ಅಲೆದಾಡಿಸುವ ಅಡ್ಡಿ ಇನ್ನೊಂದು.

ಇಟ್ಕೊಳ್ಳೋದು ಬೇರೆ, ಮಾರೋದು ಬೇರೆ

ಒಬ್ಬ ಮಾಜಿ ಸೈನಿಕನನ್ನು ಊಹಿಸಿಕೊಳ್ಳಿ. ಹೆಸರು ಬೇಡ, ಇಂಥವರು ಈ ಭಾಗದ ಯಾವ ಊರಿನಲ್ಲಾದರೂ ಇರಬಹುದು. ಹದಿನೇಳು ವರ್ಷ ಸೈನ್ಯದಲ್ಲಿ ಆಯುಧ ರಿಪೇರಿ ಮಾಡಿ, ಪಿಂಚಣಿ ತೆಗೆದುಕೊಂಡು ಊರಿಗೆ ಬಂದಿದ್ದಾನೆ. ಕೈಯಲ್ಲಿ ವಿದ್ಯೆ ಇದೆ. ಸ್ವಂತ ಮನೆ ಇದೆ, ಮುಂದೊಂದು ಖಾಲಿ ಕೋಣೆ ಇದೆ. ಸ್ವಂತ ಕೋವಿಗೆ ಲೈಸೆನ್ಸೂ ಇದೆ. 'ಕೋವಿ ಇಟ್ಕೊಳ್ಳೋಕೆ ಸರ್ಕಾರ ನಂಬಿ ಕೊಟ್ಟಮೇಲೆ, ನಾಕು ಕೋವಿ ಮಾರೋಕೆ ಯಾಕೆ ನಂಬಲ್ಲ?' ಅಂತ ಅವನ ಲೆಕ್ಕ.

ಇಲ್ಲಿಯೇ ಮೊದಲ ಎಡವಟ್ಟು. 1959ರ ಶಸ್ತ್ರಾಸ್ತ್ರ ಕಾಯ್ದೆ (ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು) ಕೋವಿ ಇಟ್ಟುಕೊಳ್ಳುವುದನ್ನು 3ನೇ ಸೆಕ್ಷನ್ನಿನಲ್ಲಿ ಹೇಳುತ್ತದೆ. ತಯಾರಿಸುವುದು, ಮಾರುವುದು, ಮಾರಾಟಕ್ಕೆ ಇಟ್ಟುಕೊಳ್ಳುವುದು, ರಿಪೇರಿ ಮಾಡುವುದು ಇದೆಲ್ಲಾ 5ನೇ ಸೆಕ್ಷನ್ನು. ಎರಡಕ್ಕೂ ನಮೂನೆ ಬೇರೆ, ಶರತ್ತು ಬೇರೆ, ತಪಾಸಣೆ ಬೇರೆ. ಮೊದಲನೆಯದು ಇದೆ ಅಂತ ಎರಡನೆಯದು ಸಿಗುವುದಿಲ್ಲ. ಕಾರು ಓಡಿಸೋ ಲೈಸೆನ್ಸು ಇದೆ ಅಂತ ಬಸ್ ಸರ್ವಿಸ್ ಶುರುಮಾಡಿದ ಹಾಗಾಗುತ್ತದೆ.

ತನ್ನ ಸ್ವಂತ ಕೋವಿಯನ್ನು ಮಾರುವುದೂ ಸಂತೆಯಲ್ಲಿ ಹೋರಿ ಮಾರಿದಂತಲ್ಲ. ಕೊಳ್ಳುವವನಿಗೆ ಲೈಸೆನ್ಸು ಇರಬೇಕು, ಮಾರುವವನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಬೇಕು, ತಿಳಿಸಿ 45 ದಿನ ಕಳೆಯಬೇಕು. ಒಂದು ಕೋವಿಗೇ ಇಷ್ಟು ಕಟ್ಟುಪಾಡು ಇರುವಾಗ ಅಂಗಡಿಯದು ಹೇಗಿದ್ದೀತು?

ಅಂಗಡಿಗೆ ಲೈಸೆನ್ಸು ಅಂದರೆ ಆಳಿನ ಹೆಸರಿಗೆ ಮಾತ್ರವಲ್ಲ, ಜಾಗಕ್ಕೂ ಸೇರಿಸಿ ಕೊಡುವಂಥದ್ದು. ಯಾವ ಕಟ್ಟಡ, ಯಾವ ವಿಳಾಸ ಅಂತ ಕಾಗದದಲ್ಲಿ ಬರೆದಿರುತ್ತದೆ. ಆ ಜಾಗ ಬಿಟ್ಟು ಬೇರೆ ಕಡೆ ಒಂದು ತೋಟಾ ಇಟ್ಟು ಮಾರಿದರೂ ತಪ್ಪು. ಬಂದ ಮಾಲೆಷ್ಟು, ಹೋದ ಮಾಲೆಷ್ಟು, ಯಾರಿಗೆ ಹೋಯಿತು, ಅವನ ಲೈಸೆನ್ಸು ನಂಬರೇನು, ಕೋವಿಯ ನಂಬರೇನು ಎಲ್ಲಾ ರಿಜಿಸ್ಟರಿನಲ್ಲಿ ಇಳಿಯಬೇಕು. ಅಧಿಕಾರಿ ಬಂದು 'ತೋರಿಸು' ಅಂದರೆ ತೋರಿಸಬೇಕು. ಒಂದು ತೋಟಾ ಕಮ್ಮಿಯಾದರೂ 'ಮಕ್ಕಳು ಆಟಕ್ಕೆ ತಗೊಂಡಿರ್ಬೇಕು' ಅನ್ನುವಂತಿಲ್ಲ!

ಮದ್ದಿನದು ಇನ್ನೊಂದು ಅಧ್ಯಾಯ. ಕಪ್ಪು ಮದ್ದು ಸ್ಫೋಟಕ. ಅದಕ್ಕೆ 1884ರ ಸ್ಫೋಟಕ ಕಾಯ್ದೆ, 2008ರ ಸ್ಫೋಟಕ ನಿಯಮಗಳ ಲೆಕ್ಕ ಪ್ರತ್ಯೇಕ. ಒಲೆಗೆ ಹತ್ತು ಮಾರು ದೂರದಲ್ಲಿ ಮದ್ದಿನ ಡಬ್ಬಿ ಇಡುವ ಮನೆಗೆ ಯಾವ ಇಲಾಖೆ ತಾನೇ ಸಹಿ ಹಾಕೀತು?

ಯಾರ ಕೈಲಿದೆ ಸಹಿ?

ಅರ್ಜಿ ಹೋಗುವುದು ರಾಮನಗರಕ್ಕೆ. (2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾದ ಈ ಜಿಲ್ಲೆಗೆ 2025ರಲ್ಲಿ ಸರ್ಕಾರ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟಿತು. ಹೆಸರು ಬದಲಾದರೂ ಕಚೇರಿಯ ಮೆಟ್ಟಿಲು ಅವೇ.) ಜಿಲ್ಲಾಧಿಕಾರಿಯವರೇ ಜಿಲ್ಲಾ ಮ್ಯಾಜಿಸ್ಟ್ರೇಟರು. ಅಲ್ಲಿಂದ ಕಾಗದ ಪೊಲೀಸರಿಗೆ, ಪೊಲೀಸರಿಂದ ಠಾಣೆಗೆ, ಠಾಣೆಯಿಂದ ಊರಿಗೆ, ಊರಿಂದ ವಾಪಸು ಮೇಲಕ್ಕೆ. ಅರ್ಜಿದಾರನ ನಡತೆ ಹೇಗೆ, ಮೇಲೆ ಕೇಸು ಇದೆಯೇ, ಅಕ್ಕಪಕ್ಕದವರ ಜತೆ ಜಗಳವಿದೆಯೇ, ಜಾಗ ಭದ್ರವೇ ಎಲ್ಲಾ ವಿಚಾರಣೆ.

ಇದರಲ್ಲಿ ತಪ್ಪೇನೂ ಇಲ್ಲ. ಕೋವಿ ಮಾರುವವನ ಮನೆಗೆ ಪೊಲೀಸರು ಬರದೆ ಇನ್ಯಾರ ಮನೆಗೆ ಬರಬೇಕು? 21 ವರ್ಷ ತುಂಬದವನಿಗೆ, ಹೊಡೆದಾಟದ ಕೇಸಿನಲ್ಲಿ ಶಿಕ್ಷೆಯಾದವನಿಗೆ, ಬುದ್ಧಿ ಸ್ಥಿಮಿತವಿಲ್ಲದವನಿಗೆ ಕೊಡಬಾರದು ಅಂತ ಕಾಯ್ದೆಯಲ್ಲೇ ಇದೆ.

ಆದರೆ ಅದೇ ಕಾಯ್ದೆಯಲ್ಲಿ ಇನ್ನೂ ಮೂರು ಮಾತಿದೆ. ಅದನ್ನು ಯಾರೂ ಕಟ್ಟೆ ಮೇಲೆ ಓದಿ ಹೇಳುವುದಿಲ್ಲ. ಮೊದಲನೆಯದು, ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸು ನಿರಾಕರಿಸುವಂತಿಲ್ಲ. 14ನೇ ಸೆಕ್ಷನ್ನಿನಲ್ಲಿ ಅಚ್ಚಾಗಿರುವ ಮಾತು ಇದು. 'ನಿಂಗೆ ಎಷ್ಟು ಎಕ್ರೆ ಐತಪ್ಪ?' ಅಂತ ಕೇಳಿ ನಗುವವರು ಸ್ವಲ್ಪ ಪುಸ್ತಕ ತಿರುವಿ ಹಾಕಲಿ. ಎರಡನೆಯದು, ಇಲ್ಲ ಅನ್ನುವುದಾದರೆ ಕಾರಣ ಬರೆದಿಡಬೇಕು. ಅರ್ಜಿದಾರ ಕೇಳಿದರೆ ಆ ಕಾರಣವನ್ನು ಚುಟುಕಾಗಿಯಾದರೂ ಬರೆದು ಕೊಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆ ಅನ್ನಿಸಿದರೆ ಮಾತ್ರ ಕೊಡದಿರಬಹುದು. ಮೂರನೆಯದು, ಇಲ್ಲ ಅಂದವರ ಮೇಲೆ ಅಪೀಲು ಹೋಗಲು 18ನೇ ಸೆಕ್ಷನ್ನು ಬಾಗಿಲು ತೆರೆದಿದೆ.

ಈ ಮೂರೂ ಹಕ್ಕು ಬಳಕೆಗೆ ಬರಬೇಕಾದರೆ ಮೊದಲು 'ಇಲ್ಲ' ಎಂಬ ಎರಡಕ್ಷರವಾದರೂ ಕಾಗದದ ಮೇಲೆ ಬರಬೇಕಲ್ಲ! ಕಚೇರಿಗಳ ಹಳೆಯ ಚಾಳಿ ಅಂದರೆ ಹೌದೂ ಅನ್ನುವುದಿಲ್ಲ, ಇಲ್ಲವೂ ಅನ್ನುವುದಿಲ್ಲ. 'ಸಾಹೇಬ್ರು ಮೀಟಿಂಗಲ್ಲವ್ರೆ.' 'ವರದಿ ಬಂದಿಲ್ಲ.' 'ವರದಿ ಬಂದದೆ, ಫೈಲು ಮೇಲೋಗದೆ.' 'ಮುಂದಿನ್ವಾರ ಬಾ ನೋಡಾನ.' ಅಪೀಲು ಯಾವುದರ ಮೇಲೆ ಹೋಗುವುದು, ಮುಂದಿನ ವಾರದ ಮೇಲೆಯೇ? 2016ರ ಶಸ್ತ್ರಾಸ್ತ್ರ ನಿಯಮಗಳು ಕೋವಿ ಅರ್ಜಿಯ ಪೊಲೀಸು ವರದಿಗೂ, ಆಮೇಲಿನ ತೀರ್ಮಾನಕ್ಕೂ ಗಡುವು ಹಾಕಿವೆ. ಗಡುವು ಇರುವುದು ಗೋಡೆಗೆ ಅಂಟಿಸಿ ನೋಡುವುದಕ್ಕಲ್ಲ.

ಇಂಥ ಕೆಲಸದಲ್ಲಿ ಇನ್ನೊಂದು ಅಪಾಯವೂ ಉಂಟು. ಕಚೇರಿ ಮುಂದಿನ ಟೀ ಅಂಗಡಿಯಲ್ಲಿ ಕೂತ 'ನಂಗೆ ಬುಡು, ಮಾಡುಸ್ಕೊಡ್ತೀನಿ' ಗಿರಾಕಿಗಳು. ಕೋವಿ ಲೈಸೆನ್ಸು ಪಹಣಿ ತೆಗೆಸಿದ ಹಾಗಲ್ಲ. ಈಗ ದೇಶದ ಲೈಸೆನ್ಸುಗಳೆಲ್ಲಾ ಕೇಂದ್ರ ಗೃಹ ಇಲಾಖೆಯ ಕಂಪ್ಯೂಟರಿನಲ್ಲಿ ದಾಖಲಾಗಿ, ಒಬ್ಬೊಬ್ಬರಿಗೆ ಒಂದೊಂದು ಗುರುತಿನ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಇಲ್ಲದ ಕಾಗದ ಬರೀ ಕಾಗದ. ಮಧ್ಯವರ್ತಿ ಕೊಟ್ಟ ಕಳ್ಳ ಲೈಸೆನ್ಸು ನಂಬಿದವನು ಜೈಲಿನ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಅಡುಗೆಮನೆ ಮೇಜಿನ ವ್ಯಾಪಾರ

ಮನೆಯಲ್ಲೇ ಬಂದೂಕದಂಗಡಿ ಎಂಬ ಯೋಚನೆ ಇಲ್ಲಿ ವಿಚಿತ್ರ ಅನ್ನಿಸಬಹುದು. ಅಮೆರಿಕಾದಲ್ಲಿ ಅದು ತೀರಾ ಮಾಮೂಲು. ಅಲ್ಲಿ 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಲೈಸೆನ್ಸು ಪಡೆದು, ಊಟದ ಮೇಜಿನ ಮೇಲೇ ಲೆಕ್ಕದ ಪುಸ್ತಕ ಇಟ್ಟುಕೊಂಡು ವ್ಯಾಪಾರ ಮಾಡುವವರಿಗೆ 'ಅಡುಗೆಮನೆ ಮೇಜಿನ ಡೀಲರು' ಅಂತಲೇ ಅಡ್ಡಹೆಸರು. ಒಂದು ಕಾಲಕ್ಕೆ ವರ್ಷಕ್ಕೆ ಹತ್ತು ಡಾಲರು ಕಟ್ಟಿದರೆ ಸಾಕಿತ್ತು. 1990ರ ದಶಕದ ಆರಂಭಕ್ಕೆ ಅಲ್ಲಿ ಎರಡೂವರೆ ಲಕ್ಷಕ್ಕೂ ಮೇಲ್ಪಟ್ಟು ಲೈಸೆನ್ಸುದಾರರು ಆಗಿಬಿಟ್ಟರು! ತಪಾಸಣೆ ಮಾಡುವವರಿಗೆ ಅವರನ್ನೆಲ್ಲಾ ಹುಡುಕಿಕೊಂಡು ಹೋಗುವುದೇ ಆಗಲಿಲ್ಲ.

ಆಮೇಲೆ ಎಚ್ಚೆತ್ತರು. 1993ರಲ್ಲಿ ಶುಲ್ಕವನ್ನು ಮೊದಲ ಮೂರು ವರ್ಷಕ್ಕೆ 200 ಡಾಲರಿಗೆ ಏರಿಸಿದರು. 1994ರಲ್ಲಿ ಫೋಟೋ, ಬೆರಳಚ್ಚು ಕಡ್ಡಾಯ ಮಾಡಿದರು. ಮನೆಯಲ್ಲಿ ಅಂಥ ವ್ಯಾಪಾರ ಮಾಡಲು ಆ ಊರಿನ ಪುರಸಭೆಯ ಕಾನೂನು ಒಪ್ಪುತ್ತದೆ ಅಂತ ಅರ್ಜಿದಾರ ಹೇಳಬೇಕಾಯಿತು. ಕೆಲವೇ ವರ್ಷಗಳಲ್ಲಿ ಲೈಸೆನ್ಸುಗಳು ಲಕ್ಷದ ಹತ್ತಿರಕ್ಕೆ ಇಳಿದವು. ಬಂದೂಕವನ್ನು ಹಬ್ಬದ ಹೋಳಿಗೆಯಂತೆ ಹಂಚುವ ದೇಶಕ್ಕೇ ಮನೆ ವ್ಯಾಪಾರ ಕೈ ಮೀರಿತು ಅನ್ನಿಸಿತು ಅಂದಮೇಲೆ, ಒಂದು ಹೋಬಳಿಗೆ ಒಂದೇ ಠಾಣೆ ಇರುವ ನಮ್ಮಲ್ಲಿ ಅದು ಹೇಗೆ ನಡೆದೀತು?

ಆದರೂ ಆ ದೇಶದಿಂದ ಕಲಿಯುವ ಒಂದು ಸಂಗತಿ ಇದೆ. ಅರ್ಜಿ ಬಂದ 60 ದಿನದೊಳಗೆ ಹೌದೋ ಅಲ್ಲವೋ ಹೇಳಬೇಕು ಅಂತ ಅಲ್ಲಿನ ಕಾಯ್ದೆಯಲ್ಲೇ ಇದೆ. ತಪಾಸಣಾಧಿಕಾರಿ ಮನೆಗೇ ಬಂದು, ಕೂತು, ಕಾನೂನು ವಿವರಿಸಿ, ಪ್ರಶ್ನೆ ಕೇಳಿ ಹೋಗುತ್ತಾನೆ. ಅರ್ಜಿದಾರನನ್ನು ಕಳ್ಳನ ಹಾಗೆ ನೋಡುವುದಿಲ್ಲ, ದೊರೆಯ ಹಾಗೆಯೂ ನೋಡುವುದಿಲ್ಲ.

ನಮ್ಮಲ್ಲಿ ಕೊಡಗಿನ ಉದಾಹರಣೆ ತೆಗೆಯುವವರೂ ಇದ್ದಾರೆ. 'ಅಲ್ಲಿ ಲೈಸನ್ಸೇ ಬ್ಯಾಡ ಅಂತಾರಲ್ಲ?' ಅರ್ಧ ಸತ್ಯ. ಕೊಡವರಿಗೂ, ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ನಡೆದುಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ. ಮಡಿಕೇರಿಯಲ್ಲಾದರೂ ಸರಿ, ಅಂಗಡಿ ತೆರೆದು ಮಾರುವವನಿಗೆ ಲೈಸೆನ್ಸು ಬೇಕೇ ಬೇಕು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಇಟ್ಟು ಪೂಜೆ ಮಾಡುವುದು ಒಂದು, ಕೌಂಟರಿನಲ್ಲಿಟ್ಟು ಬಿಲ್ಲು ಹರಿಯುವುದು ಇನ್ನೊಂದು.

ಮಾರೋದಾದರೂ ಏನು?

ಭಾವನೆ ಬಿಟ್ಟು ವ್ಯಾಪಾರದ ಕಡೆಯಿಂದಲೇ ನೋಡೋಣವೆಂದರೂ ಮಾಜಿ ಸೈನಿಕನ ಮುಂದಿನ ಕೋಣೆ ಲಾಭದ್ದಲ್ಲ. ವಿದೇಶಿ ಬಂದೂಕಗಳ ಆಮದು 1980ರ ದಶಕದಲ್ಲೇ ನಿಂತಂತಾಯಿತು. ಅದಾದ ಮೇಲೆ ಅಂಗಡಿಗಳು ನಂಬಿ ಬದುಕಿದ್ದು ಸರ್ಕಾರಿ ಕಾರ್ಖಾನೆಗಳ ಮಾಲನ್ನು. ಇಶಾಪುರದ ಹನ್ನೆರಡು ಬೋರಿನ ಜೋಡುನಳಿಗೆ, ಕಾನ್ಪುರದ ರಿವಾಲ್ವರು, ಪುಣೆ ಹತ್ತಿರದ ಖಡ್ಕಿಯ ತೋಟಾ. 2021ರಲ್ಲಿ ಆ ಕಾರ್ಖಾನೆಗಳ ಮಂಡಳಿಯನ್ನೇ ಒಡೆದು ಏಳು ಕಂಪನಿ ಮಾಡಿದರು. ಮಾಲಿನ ಬೆಲೆ ರೈತನ ಕೈಗೆ ಎಟಕುವಂಥದ್ದಲ್ಲ. ಕೊಳ್ಳುವವರೋ, ಲೈಸೆನ್ಸು ಇರುವವರು ಮಾತ್ರ. 2019ರ ತಿದ್ದುಪಡಿ ಬಂದ ಮೇಲೆ ಒಬ್ಬರಿಗೆ ಮೂರಿದ್ದ ಕೋವಿ ಎರಡಕ್ಕೆ ಇಳಿಯಿತು. ಮೂರನೆಯದನ್ನು ವರ್ಷದೊಳಗೆ ಠಾಣೆಗೋ ಲೈಸೆನ್ಸುಳ್ಳ ಡೀಲರಿಗೋ ಒಪ್ಪಿಸಿ ಅಂದರು. ಅಂದರೆ ಗಿರಾಕಿ ಬೆಳೆಯುವ ವ್ಯಾಪಾರವಲ್ಲ, ಸೊರಗುವ ವ್ಯಾಪಾರ. ಬೈರಮಂಗಲದ ಜಗಲಿಯಲ್ಲಿ ತಿಂಗಳಿಗೆ ಒಂದು ಕೋವಿ ಮಾರಿದರೆ ಹೆಚ್ಚು. ರಿಜಿಸ್ಟರು ಬರೆಯುವ ಶಾಯಿಯ ಖರ್ಚೂ ಹುಟ್ಟಲಿಕ್ಕಿಲ್ಲ.

ಮತ್ತೆ ಮನೆ ಎಂಬುದು ಮನೆ. ಮೊಮ್ಮಕ್ಕಳು ಓಡಾಡುತ್ತವೆ. ಮದುವೆ, ನಾಮಕರಣ, ತಿಥಿ ಅಂತ ನೂರು ಜನ ಬಂದು ಹೋಗುತ್ತಾರೆ. ಅಣ್ಣತಮ್ಮಂದಿರ ಪಾಲಿನ ಜಗಳ ಬಂದಾಗ ಕೈಗೆ ಸಿಗುವುದು ಮಚ್ಚೋ ದೊಣ್ಣೆಯೋ ಆದರೆ ಒಂದು ಲೆಕ್ಕ. ಅದೇ ಗೋಡೆಯ ಆಚೆ ಹತ್ತು ಕೋವಿ, ಸಾವಿರ ತೋಟಾ ಇದ್ದರೆ? ಸಾಲಕ್ಕೆ ಬೇಸತ್ತವನ ಕಣ್ಣು ಅದರ ಮೇಲೆ ಬಿದ್ದರೆ? ಊರೆಲ್ಲಾ ಜಾತ್ರೆಗೆ ಹೋದ ರಾತ್ರಿ ಕಳ್ಳ ಹೆಂಚು ಸರಿಸಿದರೆ? ಮದುವೆ ದಿಬ್ಬಣದಲ್ಲಿ 'ಒಂದು ಗುಂಡು ಹಾರ್ಸು ಮಾವ' ಅಂತ ಅಳಿಯ ಕೇಳಿದರೆ? (ಹಾಗೆ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2019ರಿಂದ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.) ರಾಮದೇವರ ಬೆಟ್ಟದಲ್ಲಿ 'ಶೋಲೆ' ಚಿತ್ರಕ್ಕಾಗಿ ಗುಂಡು ಹಾರಿದಾಗ ಯಾರೂ ಸಾಯಲಿಲ್ಲ, ಅದು ಸಿನಿಮಾ. 1975ರಲ್ಲಿ ಬಿಡುಗಡೆಯಾದ ಆ ಚಿತ್ರದ ಗಬ್ಬರ್‌ಸಿಂಗನನ್ನು ಇಂದಿಗೂ ಪ್ರವಾಸಿಗಳಿಗೆ ತೋರಿಸಿ ಹೊಟ್ಟೆ ಹೊರೆಯುವ ಈ ಸೀಮೆಗೆ ನಿಜವಾದ ಗುಂಡಿನ ಸದ್ದು ಬೇಕಿಲ್ಲ.

ಇನ್ನೊಂದು ತೊಡಕು ಬೈರಮಂಗಲಕ್ಕೇ ವಿಶೇಷವಾದದ್ದು. ಬಿಡದಿಯ ಹೊಸ ಟೌನ್‌ಷಿಪ್ಪಿಗಾಗಿ ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯಿತಿಗಳ ಜಮೀನಿಗೆ 2025ರಲ್ಲಿ ನೋಟಿಫಿಕೇಷನ್ನು ಬಂತು, ರೈತರು ಬೀದಿಗೆ ಇಳಿದರು. ಹೊಲ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿರುವ ಊರಿನಲ್ಲಿ, ವಿಳಾಸಕ್ಕೆ ಕಟ್ಟಿಹಾಕಿದ ಲೈಸೆನ್ಸು ತೆಗೆದುಕೊಂಡು ಮಾಡುವುದೇನು? ನೆರೆಯೆಲ್ಲಾ ಬದಲಾದ ದಿನ ಜಾಗದ ತಪಾಸಣೆ ಮತ್ತೆ ಮೊದಲಿನಿಂದ.

ಇಷ್ಟೆಲ್ಲಾ ನೋಡಿದರೆ ಮನೆಯಲ್ಲಿ ಕೋವಿ ಅಂಗಡಿಗೆ 'ಬೇಡ' ಅನ್ನುವುದೇ ಸರಿ. ಆದರೆ ಅಲ್ಲಿಗೇ ಮಾತು ಮುಗಿಸಿ ಎದ್ದು ಹೋಗುವವರು ಹಂದಿ ಕಾಯುವ ರೈತನ ಕಡೆ ತಿರುಗಿಯೂ ನೋಡಿದವರಲ್ಲ.

ಕಮ್ಮಾರನ ಕುತ್ತಿಗೆಗೆ

ಕೇಪಿನ ಕೋವಿಯ ಕುದುರೆ ಸಡಿಲವಾಯಿತು ಅಂದುಕೊಳ್ಳಿ. ಲೈಸೆನ್ಸುಳ್ಳ ರಿಪೇರಿಯವನು ಹತ್ತಿರದಲ್ಲಿಲ್ಲ. ಬೆಂಗಳೂರಿಗೆ ಒಯ್ಯಬೇಕು. ಕೋವಿ ಹೊದಿಕೆಯಲ್ಲಿ ಸುತ್ತಿ, ಲೈಸೆನ್ಸು ಪುಸ್ತಕ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದರೆ ಕಂಡಕ್ಟರು ಇಳಿ ಅಂತಾನೆ. ಒಂದು ದಿನದ ಕೂಲಿ ಹೋಯಿತು, ಹೋಗಿ ಬರುವ ಖರ್ಚು, ವಾಪಸು ತರುವುದಕ್ಕೆ ಇನ್ನೊಂದು ದಿನ. ಆದ್ದರಿಂದ ರೈತ ಏನು ಮಾಡುತ್ತಾನೆ? ಸಂಜೆ ಹೊತ್ತು ಊರ ಕಮ್ಮಾರನ ಕುಲುಮೆಗೆ ಹೋಗುತ್ತಾನೆ. 'ಒಸಿ ಬಿಗಿ ಮಾಡ್ಕೊಡಪ್ಪ.' ಕಮ್ಮಾರನಿಗೆ ಅದು ಕುಡುಗೋಲಿಗೆ ಹಲ್ಲು ಹಾಕಿದಷ್ಟೇ ಕೆಲಸ. ಐವತ್ತೋ ನೂರೋ ಕೊಟ್ಟರೆ ಆಯಿತು, ಕೊಡದಿದ್ದರೂ ಸುಗ್ಗಿಯಲ್ಲಿ ಒಂದು ಮೊರ ರಾಗಿ.

ಆ ಪುಣ್ಯಾತ್ಮನಿಗೆ ಗೊತ್ತಿಲ್ಲದ ಸಂಗತಿ: ಲೈಸೆನ್ಸಿಲ್ಲದೆ ಬಂದೂಕ ರಿಪೇರಿ ಮಾಡುವುದೂ ಬಂದೂಕ ತಯಾರಿಸಿ ಮಾರುವುದೂ ಕಾಯ್ದೆಯ ಒಂದೇ ಸಾಲಿನಲ್ಲಿವೆ. 2019ರ ತಿದ್ದುಪಡಿಯ ನಂತರ ಅದಕ್ಕೆ ಶಿಕ್ಷೆ ಏಳು ವರ್ಷಕ್ಕೆ ಕಡಿಮೆಯಿಲ್ಲ, ಜೀವಾವಧಿಯವರೆಗೂ ಹೋಗಬಹುದು! ಕಳ್ಳ ಬಂದೂಕದ ಕಾರ್ಖಾನೆ ನಡೆಸುವ ಪಾತಕಿಗೆ ಅಂತ ಹೆಣೆದ ಬಲೆ ಒಂದು ಮೊರ ರಾಗಿಗೆ ಕುದುರೆ ಬಿಗಿ ಮಾಡಿದವನ ಕುತ್ತಿಗೆಗೂ ಸರಿಯಾಗಿ ಕೂರುತ್ತದೆ. ಕಾನೂನು ಗೊತ್ತಿಲ್ಲ ಅಂದರೆ ಕೋರ್ಟು ಕೇಳುವುದಿಲ್ಲ. ಕುಲುಮೆ ಇರುವ ಪ್ರತಿ ಊರಿನಲ್ಲೂ ಡಂಗುರ ಹೊಡೆಸಿ ಹೇಳಬೇಕಾದ ವಿಷಯ ಇದು. ಹೇಳಿದವರು ಯಾರು?

ಮದ್ದಿನ ಕಥೆ ಇನ್ನೂ ಕೆಟ್ಟದ್ದು. ಸರಿಯಾದ ಅಂಗಡಿಯಲ್ಲಿ ಸಿಗದ ಕಡೆ ಕಲ್ಲುಗಣಿಯ ಕಡೆಯಿಂದ, ಪಟಾಕಿಯಿಂದ, ಎಲ್ಲಿಂದಲೋ ಮದ್ದು ಬರುತ್ತದೆ. ಅಳತೆ ತಪ್ಪಿದರೆ ನಳಿಗೆ ಒಡೆಯುತ್ತದೆ, ಬೆರಳು ಹೋಗುತ್ತದೆ. ಕೋವಿಯ ತಂಟೆಯೇ ಬೇಡ ಅಂದವರಲ್ಲಿ ಕೆಲವರು ಇನ್ನೂ ಘೋರವಾದ ದಾರಿ ಹಿಡಿಯುತ್ತಾರೆ: ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು, ಬೇಲಿಗೆ ಕರೆಂಟು. ಸಿಡಿಮದ್ದಿಗೆ ಬಾಯಿ ಹಾಕುವುದು ಹಂದಿಯೊಂದೇ ಅಲ್ಲ, ಮೇಯಲು ಬಿಟ್ಟ ಹಸುವೂ ಹೌದು. ಕರೆಂಟು ಬೇಲಿಗೆ ತಾಕಿ ಹೋಗುವುದು ಆನೆಯೊಂದೇ ಅಲ್ಲ, ರಾತ್ರಿ ನೀರು ಕಟ್ಟಲು ಹೋದ ಪಕ್ಕದ ಹೊಲದವನೂ ಹೌದು.

(ಇಲ್ಲೊಂದು ಮಾತು ಸೇರಿಸದಿದ್ದರೆ ತಪ್ಪಾಗುತ್ತದೆ. ಕೋವಿಗೆ ಲೈಸೆನ್ಸು ಇದೆ ಅಂದರೆ ಹಂದಿ ಹೊಡೆಯಲು ಲೈಸೆನ್ಸು ಇದೆ ಅಂತಲ್ಲ. 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ ಪ್ರಕಾರ ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು. ಬೆಳೆ ತಿನ್ನುವ ನವಿಲಿಗಂತೂ ಕೈ ಮುಗಿದು ಕಳಿಸಬೇಕು.)

ಚುನಾವಣೆ ಬಂದಾಗಲಂತೂ ಈ ಗೋಳು ಎದ್ದು ಕಾಣುತ್ತದೆ. 2024ರಲ್ಲಿ ಜಿಲ್ಲೆಗೆ ಎರಡು ಸಲ ಮತದಾನ: ಏಪ್ರಿಲಿನಲ್ಲಿ ಲೋಕಸಭೆಗೆ, ನವೆಂಬರಿನಲ್ಲಿ ಚನ್ನಪಟ್ಟಣದ ಉಪಚುನಾವಣೆಗೆ. ನವೆಂಬರು ಅಂದರೆ ರಾಗಿ ತೆನೆ ಬಲಿತು ಕಟಾವಿಗೆ ಬರುವ ಹೊತ್ತು. ಅದೇ ಹೊತ್ತಿನಲ್ಲಿ ಕೋವಿ ಠೇವಣಿಯ ಮಾತು ಬಂದರೆ ರೈತನ ಎದೆ ಒಡೆಯುತ್ತದೆ. ಯಾರ ಕೋವಿ ಇಡಿಸಿಕೊಳ್ಳಬೇಕು, ಯಾರದು ಬಿಡಬಹುದು ಅಂತ ನೋಡುವುದಕ್ಕೆ ಚುನಾವಣಾ ಆಯೋಗವೇ ಪರಿಶೀಲನಾ ಸಮಿತಿಯ ಏರ್ಪಾಡು ಮಾಡಿದೆ. ಮಲೆನಾಡು, ಕರಾವಳಿಯ ಕೃಷಿಕರು ಪ್ರತಿ ಚುನಾವಣೆಯಲ್ಲೂ ಜಗಳವಾಡಿ ವಿನಾಯಿತಿ ಕೇಳುತ್ತಾರೆ. ನಮ್ಮವರು ಕೇಳುವುದಿಲ್ಲ. 'ಯಾಕ್ ಬೇಕು ಗೌಡ್ರೇ ಪೊಲೀಸ್ನೋರ್ ಸವಾಸ' ಅಂತ ಕೋವಿ ಇಟ್ಟು ಬಂದು, ರಾತ್ರಿ ತಗಡಿನ ಡಬ್ಬ ಬಡಿಯುತ್ತಾ ಕೂರುತ್ತಾರೆ.

ಠೇವಣಿಯನ್ನು ಲೈಸೆನ್ಸುಳ್ಳ ಡೀಲರಲ್ಲೂ ಇಡಬಹುದು ಅಂತ 21ನೇ ಸೆಕ್ಷನ್ನು ಹೇಳುತ್ತದೆ. ಆದರೆ ಕೈಗೆಟಕುವ ದೂರದಲ್ಲಿ ಡೀಲರೇ ಇಲ್ಲದವನಿಗೆ ಆ ಸೆಕ್ಷನ್ನು ಏನು ಕೊಟ್ಟಿತು? ಠಾಣೆಯ ಮೂಲೆಯಲ್ಲಿ ರಾಶಿ ಹಾಕಿದ ಕೋವಿಗಳಿಗೆ ಎಣ್ಣೆ ಹಚ್ಚುವವರು ಯಾರು? ಮಳೆಗಾಲ ಕಳೆದು ವಾಪಸು ಬಂದ ಕೋವಿಯ ನಳಿಗೆಯಲ್ಲಿ ತುಕ್ಕು. ಮತ್ತೆ ಕಮ್ಮಾರನ ಕುಲುಮೆ. ಮತ್ತೆ ಅದೇ ಕುತ್ತಿಗೆ.

ಆದ್ದರಿಂದ ಊಹೆಯ ಆ ಮಾಜಿ ಸೈನಿಕನಿಗೆ ಜಗಲಿಯ ಅಂಗಡಿ ಬೇಡ ಅನ್ನೋಣ. ಆದರೆ ಅವನ ವಿದ್ಯೆಯನ್ನೂ ಬೇಡ ಅನ್ನಬೇಕೇ? ತಾಲ್ಲೂಕು ಕೇಂದ್ರದಲ್ಲಿ, ಠಾಣೆಗೆ ಕೂಗಳತೆಯಲ್ಲಿ, ವಾಸದ ಮನೆಯಲ್ಲದ ಒಂದು ಭದ್ರವಾದ ಕೋಣೆ. ಕಬ್ಬಿಣದ ಬಾಗಿಲು, ಉಕ್ಕಿನ ಬೀರು. ಅಲ್ಲಿ ರಿಪೇರಿಗೆ, ಠೇವಣಿಗೆ, ಬೇಕಾದಷ್ಟೇ ಕೇಪು ತೋಟಾ ಮಾರುವುದಕ್ಕೆ ಲೈಸೆನ್ಸು. ಹೊಸ ಕಾಯ್ದೆ ಬೇಕಿಲ್ಲ, ಇರುವ ಕಾಯ್ದೆಯಲ್ಲೇ ಜಾಗವಿದೆ. ಎ.ಪಿ.ಎಂ.ಸಿ. ಆವರಣಗಳಲ್ಲಿ ಖಾಲಿ ಬಿದ್ದ ಮಳಿಗೆಗಳಿಗೇನು ಬರವೇ? ಕನಕಪುರ, ಮಾಗಡಿ, ಚನ್ನಪಟ್ಟಣ, ರಾಮನಗರ ನಾಲ್ಕೂ ಕಡೆ ಅಲ್ಲದಿದ್ದರೆ ಹೋಗಲಿ, ಜಿಲ್ಲೆಗೆ ಒಂದಾದರೂ ಸರಿ.

'ಅಂಥವನೇ ನಾಳೆ ಕಳ್ಳ ಮಾರಾಟ ಮಾಡಿದರೆ?' ಅಂತ ಕೇಳುವವರುಂಟು. ಮಾಡಿದರೆ ಲೈಸೆನ್ಸು ರದ್ದು ಮಾಡಲು 17ನೇ ಸೆಕ್ಷನ್ನು, ಒಳಗೆ ಹಾಕಲು 25ನೇ ಸೆಕ್ಷನ್ನು ಇದೆ. ಹೆಸರು, ವಿಳಾಸ, ರಿಜಿಸ್ಟರು ಇಟ್ಟುಕೊಂಡು ಕೂತವನನ್ನು ಹಿಡಿಯುವುದು ಸುಲಭ. ರಾತ್ರಿ ಕುಲುಮೆಗೆ ಬಂದು ಹೋಗುವ ಕೋವಿಗೆ ಯಾವ ರಿಜಿಸ್ಟರು?

ಇದನ್ನು ಎತ್ತಿ ಆಡಬೇಕಾದವರು ಶಾಸಕರು, ರೈತಸಂಘದವರು, ಮಾಜಿ ಸೈನಿಕರ ಸಂಘದವರು. ಟೌನ್‌ಷಿಪ್ಪಿನ ಗದ್ದಲದಲ್ಲಿ ಕೇಪಿನ ಕೋವಿ ಯಾರ ನೆನಪಿಗೂ ಬರಲಿಕ್ಕಿಲ್ಲ. ಬಂದರೆ ಜಿಲ್ಲಾಧಿಕಾರಿಗಳ ಜನಸ್ಪಂದನ ಸಭೆಯಲ್ಲಿ ಒಂದು ಅರ್ಜಿ ಸಾಕು, ಮೆರವಣಿಗೆ ಬೇಕಿಲ್ಲ.

ಅಲ್ಲಿಯವರೆಗೆ, ಕೋವಿ ಲೈಸೆನ್ಸಿಗಾಗಲಿ ಅಂಗಡಿ ಲೈಸೆನ್ಸಿಗಾಗಲಿ ಅರ್ಜಿ ಹಾಕಿ ಕೂತವರು ಕೆಲವು ಕೆಲಸ ಮಾಡಲಿ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಚೀಟಿ ಕೇಳಿ ಪಡೆದು ಟ್ರಂಕಿನಲ್ಲಿ ಇಟ್ಟುಕೊಳ್ಳಲಿ. ಗಡುವು ಕಳೆದರೆ ಬಾಯಿಮಾತಿಗೆ ತೃಪ್ತಿಪಡದೆ 'ಹೌದೋ ಅಲ್ಲವೋ ಬರೆದು ಕೊಡಿ ಸ್ವಾಮಿ' ಅಂತ ರಿಜಿಸ್ಟರ್ ಅಂಚೆಯಲ್ಲಿ ಕೇಳಲಿ. 'ಅಲ್ಲ' ಅಂತ ಕಾಗದ ಬಂದರೆ ಕಾರಣ ಕೇಳಲಿ. ಆ ಕಾಗದದ ತಾರೀಖಿನಿಂದ ಅಪೀಲಿಗೆ ಇರುವುದು 30 ದಿನ.